ನೇಮ್‌ಬೋರ್ಡ್ ಲೈಟಿನ ಕೆಳಗೆ ಮೀನು: ಮನೆಯಲ್ಲೇ ಮಾಡಿದ ಎಲ್‌ಇಡಿ ಅಕ್ವೇರಿಯಂ ಲೈಟು, ಮೂರು ವರ್ಷ ಬಳಸಿದ ಮೇಲೆ

ನಮ್ಮ ಹಾಲ್‌ನಲ್ಲಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ಇದೆ. ಲೆಕ್ಕಕ್ಕೆ 56 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ 45 ಲೀಟರ್ ನೀರು ಹಿಡಿಯುತ್ತದೆ. ಅದರ ಮೇಲೆ ಉರಿಯುತ್ತಿರುವ ಲೈಟು ನಾನೇ ಮಾಡಿದ್ದು. ಇವತ್ತಿಗೆ 3 ವರ್ಷ 4 ತಿಂಗಳಾಯಿತು. ಮಾಡಿದ ದಿನ ಫೋಟೋ ತೆಗೆದು ‘ಸೂಪರ್ ಆಗಿದೆ’ ಅಂತ ಎಲ್ಲರೂ ಹೇಳುತ್ತಾರೆ. ಮೂರು ಬೇಸಿಗೆ, ಮೂರು ಮಳೆಗಾಲ ಕಳೆದ ಮೇಲೆ ಅದು ಏನಾಗಿದೆ ಅಂತ ಯಾರೂ ಬರೆಯಲ್ಲ. ಅದಕ್ಕೇ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ನನ್ನ ಮೂರನೇ ಲೈಟು. ಮೊದಲಿನ ಎರಡೂ ಕೆಟ್ಟು ಹೋದವು. ಅವು ಹೇಗೆ ಕೆಟ್ಟವು ಅಂತ ಹೇಳದೆ ಮೂರನೆಯದು ಯಾಕೆ ಹೀಗಿದೆ ಅಂತ ಹೇಳೋಕಾಗಲ್ಲ.

ಟ್ಯಾಂಕ್ ತಂದಾಗ ಅದರ ಪ್ಲಾಸ್ಟಿಕ್ ಮುಚ್ಚಳದಲ್ಲೇ ಒಂದು ನೀಲಿ ಬಣ್ಣದ ಸಣ್ಣ ಲೈಟ್ ಇತ್ತು. ಮೀನು ನೋಡೋಕೆ ಅಷ್ಟು ಸಾಕು. ಮೀನಿಗಂತೂ ಅದೂ ಬೇಕಾಗಿಲ್ಲ. ಗಿಡ ನೆಟ್ಟ ಮೇಲೆ ತಾಪತ್ರಯ ಶುರುವಾಯಿತು. ವ್ಯಾಲಿಸ್ನೇರಿಯಾ ಹಳದಿಯಾಗಿ ಬುಡದಲ್ಲೇ ಕರಗತೊಡಗಿತು. ಹೈಡ್ರಿಲ್ಲಾ ಕೂಡ ಬೆಳೆಯಲಿಲ್ಲ ಅಂದರೆ ನೋಡಿ. ಕೆರೆಯಲ್ಲಿ ಬೇಡ ಅಂದರೂ ಬೆಳೆಯುವ ಗಿಡ ಅದು!

ಆಗ 12 ವೋಲ್ಟಿನ 5050 ಅನ್ನುವ ಬಗೆಯ ಎಲ್‌ಇಡಿ ಪಟ್ಟಿ, ಅಂದರೆ ಸ್ಟ್ರಿಪ್ ತಂದೆ. ಮೀಟರಿಗೆ 60 ಎಲ್‌ಇಡಿ, ಮೀಟರಿಗೆ 14.4 ವ್ಯಾಟ್. ಎರಡು ಮೀಟರ್ ಕತ್ತರಿಸಿ ನಾಲ್ಕು ಸಾಲಾಗಿ ಮುಚ್ಚಳದ ಒಳಗೆ ಅಂಟಿಸಿದೆ. ಸ್ಟ್ರಿಪ್ ಮೇಲೆ ‘ವಾಟರ್‌ಪ್ರೂಫ್’ ಅಂತ ಸಿಲಿಕೋನ್ ಪದರ ಇರುತ್ತದಲ್ಲ, ಅದನ್ನು ನಂಬಿದ್ದೆ. ಕತ್ತರಿಸಿದ ತುದಿಗಳನ್ನು ಟ್ಯಾಂಕ್ ಅಂಟಿಸುವ ಸಿಲಿಕೋನ್‌ನಿಂದಲೇ ಮುಚ್ಚಿದೆ. ದೊಡ್ಡ ತಪ್ಪಾದದ್ದು ಅಲ್ಲೇ. ಆ ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದೆ. ಅದು ನಿಜವಾಗಿಯೂ ಅಸಿಟಿಕ್ ಆಸಿಡ್. ಅದು ತಾಮ್ರವನ್ನು ತಿನ್ನುತ್ತದೆ. ಐದು ತಿಂಗಳಿಗೆ ಬೆಸುಗೆ ಹಾಕಿದ ಜಾಗ ಹಳೇ ತಾಮ್ರದ ಚೊಂಬಿನ ಹಾಗೆ ಹಸಿರಾಯಿತು. ಸ್ಟ್ರಿಪ್‌ನಲ್ಲಿ ಮೂರು ಎಲ್‌ಇಡಿ ಸೇರಿ ಒಂದು ತುಂಡು, ಒಂದು ಹೋದರೆ ಮೂರೂ ಹೋದ ಹಾಗೆ. ಹೀಗೆ ಮೂರು ಮೂರಾಗಿ ಆರುತ್ತಾ ಬಂದವು. ಉಳಿದವುಗಳ ಮೇಲಿನ ಪದರ ಬಿಸಿಗೆ ಹಳದಿಯಾಗಿತ್ತು. ಪ್ಲಾಸ್ಟಿಕ್ ಮುಚ್ಚಳದಲ್ಲಿ ಬಿಸಿ ಹೊರಗೆ ಹೋಗೋದಾದರೂ ಎಲ್ಲಿಂದ?

ಎರಡನೆಯದು ಜಾಸ್ತಿ ಹುಮ್ಮಸ್ಸಿನಲ್ಲಿ ಮಾಡಿದ್ದು. 3 ವ್ಯಾಟಿನ ‘ಸ್ಟಾರ್’ ಎಲ್‌ಇಡಿ 8 ತಂದು, ಅಲ್ಯೂಮಿನಿಯಂ ಮೇಲೆ ಹೀಟ್‌ಸಿಂಕ್ ಪೇಸ್ಟ್ ಹಚ್ಚಿ ಕೂರಿಸಿದೆ. ಕೂರಿಸಿದ ಮೇಲೆ ಬೆಸುಗೆ ಹಾಕಲು ಹೋದೆ. ನನ್ನ 25 ವ್ಯಾಟಿನ ಐರನ್ನಿನ ಬಿಸಿಯನ್ನೆಲ್ಲ ಅಲ್ಯೂಮಿನಿಯಂ ಕುಡಿದುಬಿಟ್ಟಿತು. ಸೀಸ ಕರಗಲೇ ಇಲ್ಲ. ಎಲ್ಲ ಕಿತ್ತು, ಮೊದಲು ವೈರು ಬೆಸೆದು, ಆಮೇಲೆ ಕೂರಿಸಬೇಕಾಯಿತು. ಹೆಸರಿಗೆ 3 ವ್ಯಾಟ್ ಅಂದರೂ, ನನ್ನ ಡ್ರೈವರ್ (ಎಲ್‌ಇಡಿಗೆ ಬೇಕಾದಷ್ಟೇ ಕರೆಂಟು ಕೊಡುವ ಸರ್ಕ್ಯೂಟ್) ಕೊಡುತ್ತಿದ್ದ 600 ಮಿಲಿಆಂಪ್‌ನಲ್ಲಿ ಒಂದೊಂದೂ ಸುಮಾರು 2 ವ್ಯಾಟ್ ಮಾತ್ರ ತಗೊಳ್ಳುತ್ತದೆ. ಆದರೂ ಆ ಬೆಳಕು! ನೀರಿನ ಮೇಲೆ ಫಿಲ್ಟರ್ ಎಬ್ಬಿಸುವ ಅಲೆಯೆಲ್ಲ ಮರಳಿನ ಮೇಲೆ ಗೆರೆಗೆರೆಯಾಗಿ ಓಡುತ್ತಿತ್ತು. ಅದನ್ನು ಈಗಲೂ ನೆನೆಸಿಕೊಳ್ಳುತ್ತೇನೆ. ಸಣ್ಣ ಚುಕ್ಕಿಯಿಂದ ಬರುವ ಜೋರು ಬೆಳಕಿಗೆ ಮಾತ್ರ ಹಾಗಾಗುವುದು. ಈಗಿನ ಲೈಟಿನಲ್ಲಿ ಅದು ಇಲ್ಲ.

ಒಂದು ದಿನ ಒದ್ದೆ ಕೈಯಲ್ಲಿ ಅಲ್ಯೂಮಿನಿಯಂ ಪಟ್ಟಿ ಮುಟ್ಟಿದೆ. ಚುರ್ ಅಂತು. ಟೆಸ್ಟರ್ ಇಟ್ಟರೆ ಸಣ್ಣಗೆ ಉರಿಯಿತು. ಅಗ್ಗದ ಡ್ರೈವರ್‌ಗಳಲ್ಲಿ ಎಷ್ಟೋ ಸಲ 230 ವೋಲ್ಟಿನ ಕಡೆಗೂ ಎಲ್‌ಇಡಿ ಕಡೆಗೂ ನಡುವೆ ಬೇರ್ಪಡೆ ಇರಲ್ಲ, ಟ್ರಾನ್ಸ್‌ಫಾರ್ಮರ್ ಅನ್ನುವುದೇ ಇರಲ್ಲ. ಬಲ್ಬಿನ ಒಳಗೆ ಮುಚ್ಚಿಟ್ಟರೆ ಸರಿ, ಬರಿಯ ಲೋಹಕ್ಕೆ ಕೂರಿಸಿ ನೀರಿನ ಮೇಲೆ ಇಡೋದಕ್ಕಲ್ಲ. ಅದನ್ನು ಅವತ್ತೇ ತೆಗೆದು ಅಟ್ಟಕ್ಕೆ ಹಾಕಿದೆ. ನನ್ನ ಹೆಂಡತಿ ಎರಡು ವಾರ ಟ್ಯಾಂಕ್ ಹತ್ತಿರ ಹೋಗಲಿಲ್ಲ. ತಪ್ಪೇನಿಲ್ಲ ಬಿಡಿ.

ಮೂರನೆಯದಕ್ಕೆ ಮೂರು ಷರತ್ತು ಹಾಕಿಕೊಂಡೆ. ನೀರಿನ ಹತ್ತಿರ 12 ವೋಲ್ಟಿಗಿಂತ ಜಾಸ್ತಿ ಬರಬಾರದು. ತೇವ ತಾಗಿದರೂ ಕೆಡಬಾರದು. ಒಂದು ಆರಿದರೆ ಉಳಿದವು ಉರಿಯಬೇಕು. ಯೋಚಿಸಿದರೆ ಈ ಕೆಲಸವನ್ನು ಊರಲ್ಲಿರುವ ಅಂಗಡಿ ಬೋರ್ಡುಗಳೆಲ್ಲ ಆಗಲೇ ಮಾಡುತ್ತಿವೆ, ಅಲ್ವಾ? ಬಿಸಿಲು, ಮಳೆ, ಧೂಳು ತಿಂದುಕೊಂಡು ವರ್ಷಗಟ್ಟಲೆ ಉರಿಯುತ್ತವೆ. ಬೋರ್ಡಿನೊಳಗೆ ಹಾಕುವ ಎಲ್‌ಇಡಿ ಮಾಡ್ಯೂಲ್ ಅಂದರೆ ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಅಚ್ಚು. ಒಳಗೆ 3 ಎಲ್‌ಇಡಿ, ಮೇಲೆ ಬೆಳಕು ಹರಡುವ ಲೆನ್ಸ್, ಎರಡೂ ಕಡೆ ವೈರು.

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಕೇಳಿದೆ.

‘ಯಾವ ಸೈಜ್ ಬೋರ್ಡ್ ಸರ್?’ ಅಂದರು ಅಂಗಡಿಯವರು.

‘ಬೋರ್ಡಿಗಲ್ಲ, ಮೀನಿನ ಟ್ಯಾಂಕಿಗೆ.’

ಒಂದು ಕ್ಷಣ ನನ್ನ ಮುಖ ನೋಡಿದರು. ‘ನೀರೊಳಗೆ ಹಾಕ್ತೀರಾ? ಗ್ಯಾರಂಟಿ ಇಲ್ಲ ಸರ್.’

20 ಮಾಡ್ಯೂಲಿನ ಸರ ಒಂದು ತಂದೆ, 6500 ಕೆಲ್ವಿನ್ ಬಿಳಿ. ಒಂದೊಂದೂ 1.2 ವ್ಯಾಟ್. ಜೊತೆಗೆ ಬಿಡಿಯಾಗಿ 4 ವಾರ್ಮ್ ವೈಟ್, ಅಂದರೆ ಹಳದಿ ಛಾಯೆಯ ಬಿಳಿ. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಿಕ್ಕಿದ್ದ ಅಲ್ಯೂಮಿನಿಯಂ ಚಾನೆಲ್ ತುಂಡುಗಳನ್ನು ಎರಡಡಿಗೆ ಕತ್ತರಿಸಿಕೊಟ್ಟರು. ಬಿಳಿ ಎಂಟೆಂಟರ ಎರಡು ಸಾಲು, ನಡುವೆ ನಾಲ್ಕು ವಾರ್ಮ್. ಬಿಳಿ ನಾಲ್ಕು ಮಿಕ್ಕವು. ಹಾಕಿದ್ದು ಒಟ್ಟು 20, ಲೆಕ್ಕಕ್ಕೆ 24 ವ್ಯಾಟ್. ಮೀಟರ್ ಇಟ್ಟು ನೋಡಿದರೆ 1.9 ಆಂಪ್, ಅಂದರೆ ಸುಮಾರು 23 ವ್ಯಾಟ್. 12 ವೋಲ್ಟ್ 3 ಆಂಪ್ ಅಡಾಪ್ಟರ್ ಹಾಕಿದೆ. 2 ಆಂಪಿನದ್ದೇ ಸಾಕಿತ್ತು, ಆದರೆ ಅಂಚಿನಲ್ಲಿ ಓಡಿಸಿದರೆ ಬೇಗ ಸಾಯುತ್ತವೆ. ಅಡಾಪ್ಟರ್ ಟ್ಯಾಂಕಿನಿಂದ ದೂರ, ಗೋಡೆ ಮೇಲೆ. ವೈರು ಸಾಕೆಟ್ಟಿಗಿಂತ ಕೆಳಗೆ ಇಳಿದು ಆಮೇಲೆ ಮೇಲೆ ಹತ್ತುತ್ತದೆ. ನೀರು ಜಾರಿಕೊಂಡು ಬಂದರೂ ಆ ತಗ್ಗಲ್ಲಿ ತೊಟ್ಟಿಕ್ಕಲಿ ಅಂತ. ಮನೆಗೆ, ಕರೆಂಟು ಸೋರಿದರೆ ತಾನೇ ಆಫ್ ಮಾಡುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದ್ದೂ ಆ ಚುರ್ ಅಂದ ದಿನದ ಮೇಲೆಯೇ.

ಈಗ ನಿಜವಾದ ವಿಮರ್ಶೆ.

ಮೂರು ವರ್ಷದಲ್ಲಿ 20ರಲ್ಲಿ 3 ಮಾಡ್ಯೂಲ್ ಆರಿವೆ. ಅಡಾಪ್ಟರ್ 14 ತಿಂಗಳಿಗೆ ಸತ್ತಿತು, ಹೊಸದು ಹಾಕಿದೆ. ಬೆಳಕು ಎಷ್ಟು ಕಡಿಮೆಯಾಗಿದೆ ಅಂತ ನೋಡಲು, ಲೈಟನ್ನು ಎರಡು ಮಣೆಗಳ ಮೇಲೆ ಒಂದಡಿ ಎತ್ತರದಲ್ಲಿಟ್ಟು ಕೆಳಗೆ ಫೋನಿನ ಲಕ್ಸ್ ಮೀಟರ್ ಇಡುತ್ತೇನೆ. ಮೊದಲ ವಾರ 4200 ಇತ್ತು, ಈಗ ಅದೇ ಫೋನಿನಲ್ಲಿ 3500. ಲಕ್ಸ್ ಅಂದರೆ ಮನುಷ್ಯರ ಕಣ್ಣಿನ ಲೆಕ್ಕ, ಗಿಡದ ಲೆಕ್ಕ ಅಲ್ಲ. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸೋಕೆ ಮಾತ್ರ ಅದು ಸಾಕು.

ತುದಿಯ ಮಾಡ್ಯೂಲುಗಳು ಮೊದಲಿನವಕ್ಕಿಂತ ಮಂಕಾಗಿದ್ದವು. ಸರದ ವೈರು ತೆಳ್ಳಗೆ, ಹೋಗ್ತಾ ಹೋಗ್ತಾ ವೋಲ್ಟೇಜ್ ಇಳಿಯುತ್ತದೆ. ಸರದ ಎರಡೂ ತುದಿಗೆ ಅಡಾಪ್ಟರಿನಿಂದ ವೈರು ಕೊಟ್ಟೆ, ಸಮ ಆಯಿತು.

ಮಾಡ್ಯೂಲಿನ ಬೆನ್ನಿಗಿರುವ ಡಬಲ್ ಟೇಪನ್ನು ಮಾತ್ರ ನಂಬಬೇಡಿ. ಮೊದಲ ಏಪ್ರಿಲ್‌ನಲ್ಲಿ ಒಂದು ಸಂಜೆ ಬಂದು ನೋಡಿದರೆ ಎರಡು ಮಾಡ್ಯೂಲ್ ಕಳಚಿಕೊಂಡು ನೀರಿನೊಳಗೆ ಜೋತಾಡುತ್ತಿವೆ, ಉರಿಯುತ್ತಲೇ ಇವೆ. ಸುತ್ತ ಗಪ್ಪಿ ಮೀನುಗಳು ಜಾತ್ರೆ ನೋಡುವ ಹಾಗೆ ನಿಂತಿವೆ. ಅಂಗಡಿಯವರಿಗೆ ಗ್ಯಾರಂಟಿ ಇರಲಿಲ್ಲ, ಮಾಡ್ಯೂಲಿಗೆ ಇತ್ತು! ಮರುದಿನವೇ ಎಲ್ಲಕ್ಕೂ ಅಂಚಿನ ತೂತಿನಲ್ಲಿ ಸ್ಕ್ರೂ ಹಾಕಿದೆ.

ಬಿಸಿ ಪರವಾಗಿಲ್ಲ. ಚಾನೆಲ್ ಮುಟ್ಟಿದರೆ ಬೆಚ್ಚಗಿರುತ್ತದೆ ಅಷ್ಟೇ. ನೀರಿನಿಂದ ಮೂರು ಇಂಚು ಮೇಲೆ ಇದೆ, ಈಗ ನಡುವೆ 4 ಮಿಲಿಮೀಟರ್ ಗಾಜೂ ಇದೆ. ಗಾಜಿನ ಗೋಳು ಬೇರೆ. ನಮ್ಮದು ಬೋರ್‌ವೆಲ್ ನೀರು. ಗಾಜಿನ ಅಡಿಗೆ ನೀರಿನ ಹನಿ ಸಿಡಿದು ಒಣಗಿ ಒಣಗಿ, ಸೋಲಾರ್ ಬಕೆಟ್ಟಿಗೆ ಕಟ್ಟುವ ಹಾಗೆ ಬಿಳಿ ಪದರ ಕಟ್ಟುತ್ತದೆ. ಎರಡು ತಿಂಗಳು ಬಿಟ್ಟರೆ ಬೆಳಕು ಕಣ್ಣಿಗೇ ಕಾಣುವಷ್ಟು ಇಳಿಯುತ್ತದೆ. ‘ಲೈಟ್ ಹೋಯ್ತು’ ಅಂತ ನಾನು ಅಡಾಪ್ಟರ್ ಬಿಚ್ಚುತ್ತಿದ್ದಾಗ ಅಮ್ಮ ಗಾಜು ತಗೊಂಡು ಹೋಗಿ ಹುಣಸೆಹಣ್ಣಿನಲ್ಲಿ ಉಜ್ಜಿ ತಂದರು. ಲೈಟ್ ಸರಿಯಾಗಿತ್ತು.

ಟೈಮರ್ ವಿಷಯ. ಚಕ್ರಕ್ಕೆ ಹಲ್ಲು ಇರುವ ಮೆಕ್ಯಾನಿಕಲ್ ಟೈಮರ್ ತಂದಿದ್ದೆ. ಕರೆಂಟ್ ಹೋದಾಗ ಅದೂ ನಿಂತುಬಿಡುತ್ತದೆ. ಒಂದು ಮಳೆಗಾಲದ ತಿಂಗಳಲ್ಲಿ ಮೂರು ಗಂಟೆ ಹಿಂದೆ ಬಿದ್ದು, ರಾತ್ರಿ ಹನ್ನೆರಡಕ್ಕೆ ಹಾಲ್ ತುಂಬ ಬೆಳಕು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿದ ಮೇಲೆ ಆ ಗೋಳಿಲ್ಲ.

ಪಾಚಿ. ಎಲ್ಲಕ್ಕಿಂತ ಜಾಸ್ತಿ ಕಲಿತದ್ದು ಇಲ್ಲೇ. ಲೈಟು ನಾನೇ ಮಾಡಿದ್ದೇನೆ ಅನ್ನುವ ಸಂಭ್ರಮಕ್ಕೆ ಮೊದಲೆರಡು ತಿಂಗಳು ದಿನಕ್ಕೆ 10 ಗಂಟೆ ಉರಿಸಿದೆ. ಗಾಜಿನ ಮೇಲೆ ಹಸಿರು ಚುಕ್ಕಿ, ಜಾವಾ ಮಾಸ್ ಗಿಡದ ತುಂಬ ಕೂದಲಿನಂಥ ಪಾಚಿ, ಅನುಬಿಯಾಸ್ ಗಿಡದ ಎಲೆಯ ಅಂಚಿಗೆ ಗಡ್ಡದಂಥ ಕಪ್ಪು ಪಾಚಿ. ಬೆಳಕು ಜಾಸ್ತಿ ಇದ್ದು, ಕಾರ್ಬನ್ ಡೈಆಕ್ಸೈಡೂ ಗೊಬ್ಬರವೂ ಅದಕ್ಕೆ ತಕ್ಕಷ್ಟು ಇಲ್ಲದಿದ್ದರೆ ಗಿಡ ಹಿಂದೆ ಬೀಳುತ್ತದೆ, ಪಾಚಿ ಮುಂದೆ ಬರುತ್ತದೆ. ನಾನು ಸಿಲಿಂಡರ್ ಇಡುವವನಲ್ಲ. ಸಮಯವನ್ನು 7 ಗಂಟೆಗೆ ಇಳಿಸಿದೆ, ಮಧ್ಯಾಹ್ನ 2ರಿಂದ ರಾತ್ರಿ 9. ಮೇಲೆ ಒಂದು ಹಿಡಿ ಅಂತರಗಂಗೆ ಬಿಟ್ಟೆ. ಅದು ನೆರಳೂ ಕೊಡುತ್ತದೆ, ನೀರಿನಲ್ಲಿ ಹೆಚ್ಚಾದ ಪೋಷಕಾಂಶವನ್ನೂ ಹೀರುತ್ತದೆ, ಬೇರಿನ ನಡುವೆ ಗಪ್ಪಿ ಮರಿಗಳೂ ಬದುಕುತ್ತವೆ. ಆರು ವಾರದಲ್ಲಿ ಪಾಚಿ ಹಿಡಿತಕ್ಕೆ ಬಂತು. ವಾರಕ್ಕೊಮ್ಮೆ ಅಂತರಗಂಗೆಯನ್ನು ಅರ್ಧ ತೆಗೆಯದಿದ್ದರೆ ಕೆಳಗಿನವಕ್ಕೆ ಬೆಳಕೇ ಇಲ್ಲ.

ಗಿಡಗಳಲ್ಲಿ ವ್ಯಾಲಿಸ್ನೇರಿಯಾ, ಜಾವಾ ಫರ್ನ್, ಕ್ರಿಪ್ಟೊಕೋರಿನ್ ಚೆನ್ನಾಗಿವೆ. ಅಮೆಜಾನ್ ಸ್ವೋರ್ಡ್ ಟ್ಯಾಂಕನ್ನೇ ನುಂಗುವಷ್ಟು ಬೆಳೆದು ಪಕ್ಕದ ಮನೆಗೆ ಹೋಯಿತು. ರೋಟಾಲಾ ಬೆಳೆಯುತ್ತದೆ, ಆದರೆ ತುದಿಯಲ್ಲಿ ಸ್ವಲ್ಪ ನಸುಗೆಂಪು, ಅಷ್ಟೇ. ಕಡುಗೆಂಪು ಗಿಡ ಬೇಕು ಅನ್ನುವವರಿಗೆ ಈ ಲೈಟಲ್ಲ.

ಬಣ್ಣದ ವಿಷಯದಲ್ಲೂ ಇದು ಸೋಲುತ್ತದೆ. ಬೋರ್ಡಿನ ಅಕ್ಷರ ಬೆಳಗಿದರೆ ಸಾಕು ಅಂತ ಮಾಡಿದ ಎಲ್‌ಇಡಿಯಲ್ಲಿ ಕೆಂಪು ಕಡಿಮೆ. ಬಿಳಿ ಎಲ್‌ಇಡಿ ಅಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಬಳಿದದ್ದು ತಾನೇ. ನನ್ನ ಚೆರ್ರಿ ಬಾರ್ಬ್ ಮೀನುಗಳು ಈ ಬೆಳಕಲ್ಲಿ ಇಟ್ಟಿಗೆ ಬಣ್ಣಕ್ಕೆ ಕಾಣುತ್ತವೆ, ಕಿಟಕಿ ಬಿಸಿಲಿಗೆ ಬಂದರೆ ನಿಜವಾದ ಕೆಂಪು. ನಾಲ್ಕು ವಾರ್ಮ್ ವೈಟ್ ಹಾಕಿದ್ದು ಅದಕ್ಕೇ, ಸುಧಾರಿಸಿತು, ಪೂರ್ತಿ ಸರಿಹೋಗಿಲ್ಲ. ಅಂದಹಾಗೆ ಆ ನೀಲಿ ಎಲ್‌ಇಡಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದ ಮೂವರಲ್ಲಿ ಒಬ್ಬರು ಹಿರೋಶಿ ಅಮಾನೊ. ಗಿಡದ ಅಕ್ವೇರಿಯಂ ಅನ್ನೋದನ್ನು ಜಗತ್ತಿಗೆ ಹಬ್ಬಿಸಿದ ಜಪಾನಿನ ಫೋಟೋಗ್ರಾಫರ್ ತಕಾಶಿ ಅಮಾನೊ. ಇಬ್ಬರು ಅಮಾನೊಗಳ ಋಣ ನಮ್ಮ ಹಾಲ್‌ನಲ್ಲಿದೆ.

ಖರ್ಚು: ಮಾಡ್ಯೂಲ್ 350, ಅಡಾಪ್ಟರ್ 350, ಚಾನೆಲ್ 120, ಟೈಮರ್ 450, ವೈರು ಸ್ಕ್ರೂ ಎಲ್ಲ ಸೇರಿ 150. ಒಟ್ಟು 1420 ರೂಪಾಯಿ. ಆಮೇಲೆ ಹೊಸ ಅಡಾಪ್ಟರ್ ಮತ್ತು ಡಿಜಿಟಲ್ ಟೈಮರ್ ಬೇರೆ. ಕರೆಂಟು ತಿಂಗಳಿಗೆ ಐದು ಯೂನಿಟ್ ಆಸುಪಾಸು. ಆದರೆ ಕೆಟ್ಟುಹೋದ ಮೊದಲೆರಡಕ್ಕೆ ಸುರಿದ 2500 ಸೇರಿಸಿದರೆ ರೆಡಿಮೇಡ್ ಲೈಟೇ ಬರುತ್ತಿತ್ತು. ಬೆಸುಗೆ ಐರನ್ ಹಿಡಿಯುವುದು ಇಷ್ಟ ಇಲ್ಲದವರು ಸುಮ್ನೆ ರೆಡಿಮೇಡ್ ತಗೊಳ್ಳಿ. ಇಷ್ಟ ಇದ್ದರೆ ನೇರವಾಗಿ ಮಾಡ್ಯೂಲಿಗೇ ಹೋಗಿ. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಅಂಕ ಆ ಇಟ್ಟಿಗೆ ಬಣ್ಣದ ಬಾರ್ಬ್‌ಗಾಗಿ ಕಳೆದಿದ್ದೇನೆ.

ಆರಿದ ಮೂರರಲ್ಲಿ ಎರಡನ್ನು ಬದಲಾಯಿಸಿದೆ. ಮೂರನೆಯದು ಎಡಗಡೆ ಮೂಲೆಯದ್ದು, ಹೋದ ತಿಂಗಳು ಆರಿತು. ಅದರ ನೇರ ಕೆಳಗೆ ಅನುಬಿಯಾಸ್ ಇದೆ. ಈ ತಿಂಗಳು ಬಂದ ಹೊಸ ಎಲೆಯ ಮೇಲೆ ಒಂದು ಚುಕ್ಕಿ ಪಾಚಿಯೂ ಇಲ್ಲ. ಹೊಸ ಮಾಡ್ಯೂಲ್ ಡ್ರಾಯರ್‌ನಲ್ಲೇ ಇದೆ.