ಸೈಂಟಿಸ್ಟ್‌ನ ವ್ಯಾಂಪೈರ್ ಆಲ್ಬಂ: ಗ್ರೀನ್‌ಸ್ಲೀವ್ಸ್ ಎಲ್‌ಪಿ ತಗೊಳ್ಳೋರು ಒಂದ್ಸಲ ಓದಿ

ಸೈಂಟಿಸ್ಟ್ ಅಂದ್ರೆ ಜಮೈಕಾದ ಒಬ್ಬ ಡಬ್ ಮಿಕ್ಸರ್, ಡಬ್ ಅಂದ್ರೆ ರೆಗೇ ಹಾಡಿನ ಟೇಪನ್ನ ಬಿಚ್ಚಿ, ಎಕೋ ಹಾಕಿ ಹೊಸದಾಗಿ ಮಿಕ್ಸ್ ಮಾಡೋದು. ಅವನ ‘ಸೈಂಟಿಸ್ಟ್ ರಿಡ್ಸ್ ದ ವರ್ಲ್ಡ್ ಆಫ್ ದಿ ಈವಿಲ್ ಕರ್ಸ್ ಆಫ್ ದ ವ್ಯಾಂಪೈರ್ಸ್’ ಅನ್ನೋ ಈ ಆಲ್ಬಂ ಮೊದ್ಲು ನನ್ ಕಿವಿಗೆ ಬಿದ್ದಿದ್ದು ಗ್ರ್ಯಾಂಡ್ ಥೆಫ್ಟ್ ಆಟೋ 3 ಅನ್ನೋ ವಿಡಿಯೋ ಗೇಮ್ ಆಡುವಾಗ, ಅದ್ರಲ್ಲಿ ಕೆ-ಜಾ ಅಂತ ಒಂದು ರೇಡಿಯೋ ಬರುತ್ತಲ್ಲ, ಅದನ್ನ ಹಾಕ್ಕೊಂಡು ಮಿಷನ್ ಎಲ್ಲ ಬಿಟ್ಟು ಸುಮ್ನೆ ಕಾರು ಓಡಿಸ್ತಾ ಇರ್ತಿದ್ದೆ. ಇದು ಯಾರ್ದು ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ಗ್ರೀನ್‌ಸ್ಲೀವ್ಸ್ ಅನ್ನೋ ರೆಕಾರ್ಡ್ ಲೇಬಲ್ಲಿನ ಹೆಸರು. ಈಗ ಆ 1981ರ ಆಲ್ಬಂ ಎಲ್‌ಪಿಯಾಗಿ, ಅಂದ್ರೆ ದೊಡ್ಡ ರೆಕಾರ್ಡ್ ತಟ್ಟೆಯಾಗಿ, ಕೈಲಿದೆ, ಒಂದು ವಾರದಿಂದ ಬೇರೆ ಏನೂ ಹಾಕಿಲ್ಲ.

ಸೌಂಡ್ ಬಗ್ಗೆ ಹೇಳ್ಬೇಕಂದ್ರೆ ಬೇಸೇ ಎಲ್ಲಾ. ರೂಟ್ಸ್ ರ‍್ಯಾಡಿಕ್ಸ್ ಬ್ಯಾಂಡು ಜಮೈಕಾದ ಕಿಂಗ್‌ಸ್ಟನ್‌ನ ಚಾನೆಲ್ ಒನ್ ಸ್ಟುಡಿಯೋದಲ್ಲಿ ನುಡಿಸಿದ್ದು, ಫ್ಲಾಬಾ ಹೋಲ್ಟ್ ಬೇಸು, ಸ್ಟೈಲ್ ಸ್ಕಾಟ್ ಡ್ರಮ್ಸು, ಒಂದು ಹೊಡೆತಕ್ಕೂ ಇನ್ನೊಂದಕ್ಕೂ ಮಧ್ಯೆ ಅಷ್ಟು ಜಾಗ ಬಿಟ್ಟು ನುಡಿಸ್ತಾರೆ. ಆ ಟೇಪನ್ನ ಡಬ್‌ನಲ್ಲಿ ದೊಡ್ಡ ಹೆಸರಾದ ಕಿಂಗ್ ಟಬ್ಬಿ ಸ್ಟುಡಿಯೋಗೆ ತಂದು ಸೈಂಟಿಸ್ಟ್, ಆಗ ಅವ್ನಿನ್ನೂ 20ರ ಆಸುಪಾಸಿನ ಹುಡುಗ, ಹಾಡಿದ ದನೀನ ಕಿತ್ತುಹಾಕಿ, ಗಿಟಾರು ಒಂದು ಕ್ಷಣ ಬಿಟ್ಟು ಮತ್ತೆ ಮುಚ್ಚಿ, ಡ್ರಮ್ಮಿನ ಒಂದೇ ಒಂದು ಏಟಿಗೆ ಎಕೋ ಹಾಕಿ ಅದು ದೂರಕ್ಕೆ ಹೋಗ್ತಾ ಹೋಗ್ತಾ ಕರಗೋವರೆಗೂ ಬಿಟ್ಬಿಡ್ತಾನೆ. ಮಿಕ್ಸಿಂಗ್ ಬೋರ್ಡನ್ನೇ ವಾದ್ಯ ಮಾಡ್ಕೊಂಡಿದಾನೆ ಅಂತೀನಿ. ಮೊಬೈಲ್ ಸ್ಪೀಕರಲ್ಲಿ ಕೇಳಿ ಇದೇನು ಖಾಲಿ ಖಾಲಿ ಅನ್ಬೇಡಿ, ದಯವಿಟ್ಟು.

ಕವರು ಟೋನಿ ಮೆಕ್‌ಡರ್ಮಟ್ ಬರೆದಿದ್ದು, ಥೇಟ್ ಕಾಮಿಕ್ ಪುಸ್ತಕ, ದೊಡ್ಡ ಸೈಜಲ್ಲಿ ನೋಡೋ ಖುಷಿನೇ ಬೇರೆ. ನಂಗೆ ಕಳ್ಸಿದ ಅಂಗಡಿಯೋರು ತೆಳ್ಳನೆ ರಟ್ಟಲ್ಲಿ ಸುತ್ತಿ ಕಳ್ಸಿ ಒಂದು ಮೂಲೆ ಮಡಚಿಹೋಗಿತ್ತು, ಬೇಜಾರಾಯ್ತು.

ಗ್ರೀನ್‌ಸ್ಲೀವ್ಸ್ ಲೇಬಲ್ಲು ಶುರುವಾಗಿದ್ದು ಅಂಗಡಿಯಿಂದ. 1975ರಲ್ಲಿ ಲಂಡನ್‌ನ ವೆಸ್ಟ್ ಈಲಿಂಗ್‌ನಲ್ಲಿ ಕ್ರಿಸ್ ಕ್ರ್ಯಾಕ್ನೆಲ್, ಕ್ರಿಸ್ ಸೆಡ್ಜ್‌ವಿಕ್ ಅಂತ ಇಬ್ರು ರೆಕಾರ್ಡ್ ಅಂಗಡಿ ಇಟ್ರು, 1977ಕ್ಕೆ ತಾವೇ ರೆಕಾರ್ಡ್ ತರೋಕೆ ಶುರು ಮಾಡಿದ್ರು. ಕೌಂಟರ್ ಹಿಂದೆ ನಿಂತು ಮಾರಿದೋರಿಗೆ ಜನ ಏನ್ ಕೇಳ್ಕೊಂಡ್ ಬರ್ತಾರೆ ಅಂತ ಗೊತ್ತಿರುತ್ತೆ, ಇವ್ರ ಕ್ಯಾಟಲಾಗ್ ನೋಡಿದ್ರೆ ಅದು ಕಾಣುತ್ತೆ. ಡಾಕ್ಟರ್ ಅಲಿಮಾಂಟಾಡೋ, ಈಕ್-ಎ-ಮೌಸ್, ಯೆಲ್ಲೋಮ್ಯಾನ್ ತರದ ಜಮೈಕಾ ಗಾಯಕರು, ಆಮೇಲೆ 1985ರಲ್ಲಿ ಕ್ಯಾಸಿಯೋ ಕೀಬೋರ್ಡಿನ ರೆಡಿಮೇಡ್ ರಿದಮ್ ಮೇಲೆ ವೇಯ್ನ್ ಸ್ಮಿತ್ ಹಾಡಿದ ‘ಅಂಡರ್ ಮಿ ಸ್ಲೆಂಗ್ ಟೆಂಗ್’, ಅದಾದ್ಮೇಲೆ ಜಮೈಕಾ ಸಂಗೀತದ ದಿಕ್ಕೇ ಬದಲಾಯ್ತು. 1993ರಲ್ಲಿ ಶ್ಯಾಗಿ ಅನ್ನೋ ಗಾಯಕನ ಮೂಲಕ ಬ್ರಿಟನ್ ಚಾರ್ಟಲ್ಲಿ ನಂಬರ್ ಒನ್ನೂ ಬಂತು. 2008ರಲ್ಲಿ ನ್ಯೂಯಾರ್ಕ್‌ನ ವಿಪಿ ರೆಕಾರ್ಡ್ಸ್ ಈ ಲೇಬಲ್ಲನ್ನ ಕೊಂಡ್ಕೊಳ್ತು.

ನನ್ ತಕರಾರು ಇರೋದು ಇದೇ ಆಲ್ಬಂದು ಆಮೇಲೆ ಬಂದ ಒಂದು ಎಡಿಷನ್ ಬಗ್ಗೆ. ಅದ್ರಲ್ಲಿ ಸೈಂಟಿಸ್ಟ್ ಹೆಸ್ರು ತೆಗೆದು ಪ್ರೊಡ್ಯೂಸರ್ ಜುಂಜೋ ಲಾವ್ಸ್ ಹೆಸ್ರಲ್ಲಿ ತಂದಿದಾರೆ. ಜುಂಜೋ ಇಲ್ದಿದ್ರೆ ಈ ರಿದಮ್‌ಗಳೇ ಇರ್ತಿರ್ಲಿಲ್ಲ, ಒಪ್ತೀನಿ, ಆದ್ರೆ ಮಿಕ್ಸ್ ಮಾಡಿದೋನ ಹೆಸ್ರೇ ಇಟ್ಟು ಇಷ್ಟು ವರ್ಷ ಮಾರಿದ ಆಲ್ಬಂ ಮೇಲಿಂದ ಅವನನ್ನೇ ಅಳಿಸೋದು ನಂಗೆ ಸರಿ ಕಾಣಲ್ಲ. ಅದ್ರಲ್ಲಿ ಡಬ್ ಜೊತೆ ಮೂಲ ಹಾಡುಗಳೂ ಇವೆ, ಎರಡೂ ಪಕ್ಕಪಕ್ಕ ಕೇಳಿದ್ರೆ ಏನು ಕಿತ್ತ ಏನು ಉಳಿಸಿದ ಅಂತ ಚೆನ್ನಾಗಿ ಗೊತ್ತಾಗುತ್ತೆ, ಅದನ್ನ ಸ್ಟ್ರೀಮಿಂಗಲ್ಲಿ ಕೇಳ್ಕೊಳ್ಳಿ. ದುಡ್ಡು ಕೊಟ್ಟು ತಗೊಳ್ಳೋದಾದ್ರೆ ಕವರ್ ಮೇಲೆ ಸೈಂಟಿಸ್ಟ್ ಅಂತ ಇರೋ ಹಳೇ ಪ್ರೆಸ್ಸಿಂಗೇ ಹುಡುಕಿ.