ರೆಡ್ ಆಕ್ಸೈಡೋ ಟೈಲ್ಸೋ: ನಾಯಿ, ಬೆಕ್ಕು ಇರುವ ಮನೆಯ ನೆಲ

ಮನೆಯನ್ನು ಚೆಂದ ಮಾಡಲು ಹೊರಟವರು ಗೋಡೆಯ ಬಣ್ಣದಿಂದ ಶುರು ಮಾಡುತ್ತಾರೆ. ನಾಯಿ, ಬೆಕ್ಕು ಸಾಕಿದವರು ನೆಲದಿಂದ ಶುರು ಮಾಡಬೇಕು ಎನ್ನುವುದು ನನ್ನ ವಾದ. ಮೈಸೂರಿನ ನಮ್ಮ ಮನೆ ಕಂತುಕಂತಾಗಿ ಬೆಳೆದದ್ದು. ಹಾಗಾಗಿ ನಡುಮನೆಗೆ ರೆಡ್ ಆಕ್ಸೈಡ್, ಊಟದ ಕೋಣೆಗೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಮಹಡಿಯ ಕೋಣೆಗೆ ಮರದಂತೆ ಕಾಣುವ ಲ್ಯಾಮಿನೇಟ್, ಹಿತ್ತಿಲ ಜಗಲಿಗೆ ಒರಟು ಮ್ಯಾಟ್ ಟೈಲ್ಸ್. ಕರಿಯನೆಂಬ ನಾಡುನಾಯಿಯೂ ಚಿನ್ನಿಯೆಂಬ ಬೆಕ್ಕೂ ಈ ನಾಲ್ಕನ್ನೂ ಪರೀಕ್ಷೆಗೆ ಒಡ್ಡಿದ್ದಾರೆ.

ಲ್ಯಾಮಿನೇಟ್ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಮೇಲ್ಪದರದ ಕೆಳಗಿರುವುದು ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ. ನೀರಿನ ಬಟ್ಟಲು ಮಗುಚಿ ಗಮನಕ್ಕೆ ಬರದೇ ಹೋದರೆ ಅಂಚು ಉಬ್ಬುತ್ತದೆ, ಉಬ್ಬಿದ್ದು ಇಳಿಯುವುದಿಲ್ಲ. ಪ್ರಾಣಿಗಳಿರುವ ಮನೆಗೆ ಅದು ಬೇಡ.

ನಿಜವಾದ ಪೈಪೋಟಿ ಇರುವುದು ರೆಡ್ ಆಕ್ಸೈಡಿಗೂ ಹೊಳಪಿನ ಟೈಲ್ಸಿಗೂ. ಟೈಲ್ಸಿನ ಪರವಾಗಿ ಹೇಳಬೇಕಾದದ್ದು ಒಂದಿದೆ: ವಿಟ್ರಿಫೈಡ್ ಟೈಲ್ ನೀರು ಹೀರುವುದು ಶೇಕಡಾ 0.5ಕ್ಕಿಂತ ಕಡಿಮೆ, ಆದ್ದರಿಂದ ಮೂತ್ರದ ಕಲೆ ಉಳಿಯುವುದಿಲ್ಲ. ವಾಸನೆ ಉಳಿಯುವುದು ಸಂದುಗಳಲ್ಲಿ. ಅಲ್ಲಿ ತುಂಬಿದ ಸಿಮೆಂಟ್ ಎಲ್ಲವನ್ನೂ ಕುಡಿಯುತ್ತದೆ. ಅದನ್ನು ಕೆರೆದು ನೀರು ಹೀರದ ಎಪಾಕ್ಸಿ ಎಂಬ ರಾಳ ತುಂಬಿಸಿದ ಮೇಲೆಯೇ ಊಟದ ಕೋಣೆಯ ವಾಸನೆ ಹೋಯಿತು. ಆದರೆ ಜಾರಿಕೆಗೆ ಎಪಾಕ್ಸಿಯಲ್ಲಿ ಮದ್ದಿಲ್ಲ. ಗೇಟಿನ ಸದ್ದಾದರೆ ಕರಿಯ ಓಡುತ್ತಾನೆ. ತಿರುವಿನಲ್ಲಿ ಮುಂಗಾಲು ಬಾಗಿಲ ಕಡೆ, ಹಿಂಗಾಲು ಫ್ರಿಜ್ಜಿನ ಕಡೆ. ಉಗುರು ಊರಲು ಆ ನೆಲದಲ್ಲಿ ಏನೂ ಇಲ್ಲ. ವಯಸ್ಸಾದ ನಾಯಿಯ ಸೊಂಟಕ್ಕೆ ಇದು ಒಳ್ಳೆಯದಲ್ಲ. ಸಾಲದ್ದಕ್ಕೆ, ಸಂಜೆಯ ಬಿಸಿಲು ಓರೆಯಾಗಿ ಬಿದ್ದರೆ ಅಂದಿನ ಹೆಜ್ಜೆಗುರುತುಗಳೆಲ್ಲ ಎದ್ದು ಕಾಣುತ್ತವೆ.

ರೆಡ್ ಆಕ್ಸೈಡ್ ಸಂದಿಲ್ಲದ ನೆಲ. ಕಬ್ಬಿಣದ ಆಕ್ಸೈಡ್ ಬೆರೆಸಿದ ಸಿಮೆಂಟನ್ನು ಕರಣೆಯಿಂದ ತೀಡಿ ತೀಡಿ ನುಣುಪು ಮಾಡಿದ್ದರಿಂದ ಕೊಳೆ ಕೂರಲು ಮೂಲೆಯೇ ಇರುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಕರಿಯ ನಾಲ್ಕೂ ಕಾಲು ಚಾಚಿ ಹೊಟ್ಟೆ ಅಂಟಿಸಿ ಮಲಗುವುದು ಇಲ್ಲೇ, ಫ್ಯಾನಿನ ಕೆಳಗೂ ಅಲ್ಲ. ಹಳೆಯದಾದಷ್ಟೂ ಬಣ್ಣಕ್ಕೆ ಆಳ ಬರುತ್ತದೆ, ಉಗುರಿನ ಗೀರು ಅದರಲ್ಲಿ ಕರಗಿಹೋಗುತ್ತದೆ. ಕುಂದುಗಳೂ ಇವೆ. ಮೂತ್ರವನ್ನು ರಾತ್ರಿಯಿಡೀ ಬಿಟ್ಟರೆ ಹೊಳಪು ಸತ್ತ ಮಚ್ಚೆ ಉಳಿಯುತ್ತದೆ, ಬಿರುಕಿಗೆ ಹಾಕಿದ ತೇಪೆಯ ಬಣ್ಣ ಎಂದೂ ಹೊಂದುವುದಿಲ್ಲ, ಮೇಣ ತಿಕ್ಕಿದ ಹೊಸತರಲ್ಲಿ ಇದೂ ಜಾರುತ್ತದೆ. ಈ ಕೆಲಸ ಬಲ್ಲ ಗಾರೆಯವರನ್ನು ಹುಡುಕುವುದಂತೂ ಮದುವೆಗೆ ಗಂಡು ಹುಡುಕಿದಂತೆ. ಆದರೂ ನನ್ನ ಮತ ಇದಕ್ಕೇ. ಚಿನ್ನಿಯ ಬಿಳಿ ಕೂದಲು ಮಾತ್ರ ಕೆಂಪಿನ ಮೇಲೆ ಎದ್ದು ಕಾಣುತ್ತದೆ, ಕರಿಯನದು ಬಚಾವಾಗುತ್ತದೆ.

ಜಗಲಿಯ ಮ್ಯಾಟ್ ಟೈಲ್ಸ್ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು, ಹಿಡಿತ ಗಟ್ಟಿ. ಒರೆಸುವವರ ಶಾಪ ತಟ್ಟುತ್ತದೆ, ಅಷ್ಟೆ.

ಯಾವ ನೆಲವಾದರೂ ಫಿನಾಯಿಲ್ ಬೇಡ. ಫೀನಾಲ್ ವರ್ಗದ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಅರಗಿಸಲಾರದು, ಬೆಕ್ಕೋ ಪಾದ ನೆಕ್ಕುವ ಪ್ರಾಣಿ. ಅಮೋನಿಯಾ ಇರುವ ದ್ರಾವಣದ ವಾಸನೆ ಮೂತ್ರದ ವಾಸನೆಗೆ ಹತ್ತಿರವಾದ್ದರಿಂದ ಮತ್ತೆ ಅಲ್ಲಿಗೇ ಕರೆಯುತ್ತದೆ.

ಸೋಫಾದ ವಿಷಯದಲ್ಲಿ ಫಲಿತಾಂಶ ನಮಗೇ ಅಚ್ಚರಿ ತಂದಿತು. ಸೆಣಬಿನಂಥ ದಪ್ಪ ನೇಯ್ಗೆಯ ಬಟ್ಟೆ ನೋಡಲು ಸೊಗಸು, ಆದರೆ ಚಿನ್ನಿಯ ಉಗುರಿಗೆ ಎಳೆಎಳೆಯೂ ಕೊಕ್ಕೆ. ರೆಕ್ಸಿನ್ ಒರೆಸಲು ಸುಲಭ, ಒಮ್ಮೆ ತೂತು ಬಿದ್ದರೆ ಅಲ್ಲಿಂದಲೇ ಸಿಪ್ಪೆ ಏಳುತ್ತದೆ. ಗೆದ್ದದ್ದು ಎಲ್ಲರೂ ಬೇಡವೆಂದ ವೆಲ್ವೆಟ್. ಅದರ ಮೇಲ್ಮೈಯಲ್ಲಿ ಕುಣಿಕೆಗಳಿಲ್ಲ, ಉಗುರಿಗೆ ಸಿಗುವುದೇನೂ ಇಲ್ಲ. ಕೂದಲು ಒಳಗಿಳಿಯದೆ ಮೇಲೆಯೇ ಕೂರುತ್ತದೆ. ರಬ್ಬರ್ ಕೈಗವಸು ಒದ್ದೆ ಮಾಡಿ ಒಂದೇ ದಿಕ್ಕಿಗೆ ಎಳೆದರೆ ಕೂದಲು ಸುರುಳಿಯಾಗಿ ಎದ್ದುಬರುತ್ತದೆ. ಕೆರೆಯುವ ಚಟಕ್ಕೆ ಪಕ್ಕದಲ್ಲೇ ಒಂದು ಕಂಬಕ್ಕೆ ತೆಂಗಿನ ನಾರಿನ ಹಗ್ಗ ಬಿಗಿದಿದ್ದೇವೆ. ಕಂಬ ಅಲ್ಲಾಡಬಾರದು, ಬೆಕ್ಕು ಮೈಚಾಚಿ ನಿಂತಷ್ಟು ಎತ್ತರವಿರಬೇಕು. ಗಿಡ್ಡ ಕಂಬವನ್ನು ಚಿನ್ನಿ ಮೂಸಿಯೂ ನೋಡಲಿಲ್ಲ.

ಊಟದ ಕೋಣೆಯ ಜಾರು ದಾರಿಗೆ ನವಲಗುಂದದ ಜಮಖಾನ ಹಾಸಿ, ಅಡಿಗೆ ರಬ್ಬರ್ ಜಾಲರಿ ಕೊಟ್ಟಿದ್ದೇವೆ. ಚಪ್ಪಟೆ ನೇಯ್ಗೆಯ ಹತ್ತಿಯಾದ್ದರಿಂದ ಕುಚ್ಚಿನ ಕಾರ್ಪೆಟ್ಟಿನಷ್ಟು ಕೂದಲು ಹಿಡಿದಿಡುವುದಿಲ್ಲ, ಕೊಡವಿದರೆ ಆಯಿತು. ಟೈಲ್ಸ್ ಕಿತ್ತುಹಾಕುವ ಖರ್ಚು ಸದ್ಯಕ್ಕೆ ಉಳಿದಿದೆ.