ಭೂಮಿ ಪಹಣಿ ಸೇವೆ: 2002ರಿಂದ ಬಳಸಿದ ಅನುಭವ

ನಮ್ಮದು 2 ಎಕರೆ 14 ಗುಂಟೆ ಒಣ ಜಮೀನು. ಇಷ್ಟು ಜಮೀನಿಗಾಗಿ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿನಲ್ಲಿಟ್ಟಿರುವ ಕಂದಾಯ ಇಲಾಖೆಯ 'ಭೂಮಿ' ವ್ಯವಸ್ಥೆಯನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಬಳಸಿದ್ದೇನೆ. ಬೆಳೆ ಸಾಲಕ್ಕೆ ಪಹಣಿ (ಜಮೀನು ಯಾರದು, ಎಷ್ಟು ಅಂತ ಹೇಳುವ ದಾಖಲೆ), ಹೆಸರಿನ ತಿದ್ದುಪಡಿ, ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ), ಈಗ ಪೋಡಿ (ಭಾಗ ಅಳೆದು ಬೇರೆ ಮಾಡುವುದು). ಪಹಣಿ ತೆಗೆಯುವುದು ಸುಲಭ ಅಂತ ಮೊದಲ ದಿನವೇ ಗೊತ್ತಾಗುತ್ತದೆ. ಅದರಲ್ಲಿ ಒಂದು ಅಕ್ಷರ ತಪ್ಪಿದ್ದರೆ ಏನಾಗುತ್ತದೆ ಅಂತ ಗೊತ್ತಾಗಲು ವರ್ಷಗಳೇ ಬೇಕು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಹೇಗಿತ್ತು ಅಂತ ಇವತ್ತಿನ ಹುಡುಗರಿಗೆ ಹೇಳಬೇಕು. ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ಹತ್ತಿರ ಇರುತ್ತಿತ್ತು. ನಮ್ಮ ಕಡೆ ಹಿರಿಯರು ಅವರನ್ನು ಶಾನುಭೋಗರು ಅಂತಲೇ ಕರೆಯುತ್ತಿದ್ದರು. ಇಡೀ ರಾಜ್ಯಕ್ಕೆ ಸುಮಾರು 9,000 ಜನ. ಒಬ್ಬೊಬ್ಬರ ಕೈಯಲ್ಲಿ ಮೂರು ನಾಲ್ಕು ಹಳ್ಳಿ. ಇವತ್ತು ಅವರು ಯಾವ ಹಳ್ಳಿಯಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ಅಪ್ಪ ಬೆಳಿಗ್ಗೆ ಸೈಕಲ್ ಹತ್ತಿ ಹೋದರೆ ಮಧ್ಯಾಹ್ನ ಬರಿಗೈಲಿ ಬರುತ್ತಿದ್ದರು. ಎರಡು ಮೂರು ಸಲ ಓಡಾಡಿದ ಮೇಲೆ ಒಂದು ಹಾಳೆ ಸಿಗುತ್ತಿತ್ತು, ಅದೂ ಏನಾದರೂ ಕೈಗಿಟ್ಟರೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಆ ಪುಸ್ತಕವನ್ನು ತೆರೆದು ನೋಡುವವರು ಒಬ್ಬರೇ. ನಮ್ಮ ಸರ್ವೆ ನಂಬರಿನ ಮುಂದೆ ಯಾರ ಹೆಸರಿದೆ, ಯಾವಾಗ ಬದಲಾಯಿತು ಅಂತ ನಮಗೆ ತಿಳಿಯುವ ದಾರಿಯೇ ಇರಲಿಲ್ಲ.

ಆಮೇಲೆ ಭೂಮಿ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ಆಗ ಇದ್ದ 177 ತಾಲ್ಲೂಕುಗಳಲ್ಲಿ ಕೌಂಟರ್ ತೆರೆದರು. ತಂತ್ರಾಂಶ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಎನ್‌ಐಸಿಯವರದು. ಮುಂದೆ ನಿಂತು ಮಾಡಿಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಆಗ ಒಂದು ಪಹಣಿಗೆ 15 ರೂಪಾಯಿ ಇತ್ತು. ಆದರೆ ನನ್ನ ಪ್ರಕಾರ ನಿಜವಾದ ಬದಲಾವಣೆ ತಂದದ್ದು ಕಂಪ್ಯೂಟರ್ ಒಂದೇ ಅಲ್ಲ. ಇನ್ನು ಮುಂದೆ ಕೈಬರಹದ ಪಹಣಿ ನಡೆಯುವುದಿಲ್ಲ ಅಂತ ತಾಲ್ಲೂಕು ತಾಲ್ಲೂಕಿಗೂ ಘೋಷಣೆ ಹೊರಡಿಸಿದರಲ್ಲ, ಅದು. ಎರಡೂ ನಡೆಯುತ್ತದೆ ಅಂತ ಬಿಟ್ಟಿದ್ದರೆ ಜನ ಹಳೇ ದಾರಿಯಲ್ಲೇ ಓಡಾಡುತ್ತಿದ್ದರು. ಕಂಪ್ಯೂಟರ್ ಸುಮ್ನೆ ಮೂಲೆಯಲ್ಲಿ ಧೂಳು ಹಿಡಿಯುತ್ತಿತ್ತು.

ಅಪ್ಪನ ಜೊತೆ ನಾನು ಮೊದಲ ಸಲ ಹೋದದ್ದು 2002ರಲ್ಲಿ. ಕೌಂಟರಿನಲ್ಲಿ ಎರಡು ಪರದೆ ಇದ್ದವು. ಒಂದು ಆಪರೇಟರ್ ಕಡೆ, ಇನ್ನೊಂದು ನಮ್ಮ ಕಡೆ ಮುಖ ಮಾಡಿತ್ತು. ಅವರು ಏನು ಒತ್ತುತ್ತಿದ್ದಾರೋ ಅದು ನಮಗೂ ಕಾಣುತ್ತಿತ್ತು. ಸರ್ಕಾರಿ ಕಚೇರಿಯಲ್ಲಿ ಒಳಗಿನವರು ನೋಡುವುದನ್ನೇ ಹೊರಗಿನವರಿಗೂ ತೋರಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಪ್ಪ ನಾಲ್ಕನೇ ಕ್ಲಾಸು ಓದಿದವರು. ಕನ್ನಡಕ ಹಾಕಿಕೊಂಡು, ಪರದೆಗೆ ಬೆರಳು ತಾಗಿಸಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಸರ್ವೆ ನಂಬರ್ ಸರಿ. ವಿಸ್ತೀರ್ಣ ಸರಿ. ಮಾಲೀಕರ ಹೆಸರಿರುವ ಕಾಲಂ 9ಕ್ಕೆ ಬಂದಾಗ ಬೆರಳು ನಿಂತಿತು.

ಅಪ್ಪನ ಹೆಸರಿನ ಕೊನೆಯಲ್ಲಿ 'ಪ್ಪ' ಇರಬೇಕಿತ್ತು. ಪರದೆಯ ಮೇಲೆ 'ವ್ವ' ಇತ್ತು. ಕೈಬರಹದಲ್ಲಿ ಒಂದು ಗೆರೆ ಮಾಸಿದರೆ 'ಪ' ನೋಡಲು 'ವ' ಥರವೇ ಕಾಣುತ್ತದೆ, ಅಲ್ವಾ? ಪಹಣಿ ಟೈಪ್ ಮಾಡಿದವರು ಯಾರೋ ಕಂಡದ್ದನ್ನು ಒತ್ತಿದ್ದರು. ಟೈಪ್ ಆದದ್ದನ್ನು ಪ್ರಿಂಟ್ ತೆಗೆದು ಪುಸ್ತಕದ ಜೊತೆ ತಾಳೆ ನೋಡುವ ಹಂತ ಇತ್ತು. ನಮ್ಮ ಸಾಲು ಅಲ್ಲೂ ತಪ್ಪಿಸಿಕೊಂಡಿತ್ತು. ದಾಖಲೆಯಲ್ಲಿ ನಮ್ಮ ಜಮೀನು ಒಬ್ಬ ಹೆಣ್ಣುಮಗಳದ್ದಾಗಿತ್ತು.

ಆಪರೇಟರ್ ಒಳ್ಳೆಯ ಹುಡುಗ. "ನಾನು ತಿದ್ದಲು ಬರುವುದಿಲ್ಲ, ಅರ್ಜಿ ಕೊಡಿ" ಅಂದ. ಅವನು ಹೇಳಿದ್ದು ನಿಜವೇ. ಭೂಮಿಯಲ್ಲಿ ಯಾವ ಬದಲಾವಣೆ ಮಾಡಬೇಕಾದರೂ ಅಧಿಕಾರವಿದ್ದವರು ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು. ಯಾರು, ಯಾವಾಗ, ಏನು ಬದಲಿಸಿದರು ಅಂತ ಅಲ್ಲೇ ದಾಖಲಾಗುತ್ತದೆ. ನಮ್ಮ ಅರ್ಜಿಗೆ ಹಳೇ ಕೈಬರಹದ ಪಹಣಿಯ ನಕಲು ಬೇಕಾಯಿತು. ಅದನ್ನು ರೆಕಾರ್ಡ್ ರೂಮಿನಲ್ಲಿ ಹುಡುಕಿಸಬೇಕು. ಆಮೇಲೆ ಅದೇ ಹಳ್ಳಿಯ ಲೆಕ್ಕಿಗರ ವರದಿ, ಕಂದಾಯ ನಿರೀಕ್ಷಕರ ವರದಿ, ಕೊನೆಗೆ ಆದೇಶ. ಒಂದು ಅಕ್ಷರಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಆ ವರ್ಷ ಬ್ಯಾಂಕಿನವರು ಬೆಳೆ ಸಾಲ ಕೊಡಲಿಲ್ಲ. ಹೊರಗೆ ಬಡ್ಡಿಗೆ ತಂದು ಬಿತ್ತನೆ ಮಾಡಿದೆವು. ಅಪ್ಪ ಆ ಬಡ್ಡಿ ತೀರಿಸಿದ್ದು ಎರಡು ಸುಗ್ಗಿ ಕಳೆದ ಮೇಲೆ.

ಇದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹಳೇ ಕಾಲದಲ್ಲಾಗಿದ್ದರೆ ಪೆನ್ನಿನಲ್ಲಿ ಒಂದು ಗೆರೆ ಎಳೆದರೆ ಮುಗಿಯುತ್ತಿತ್ತು. ಆದರೆ ಅದೇ ಪೆನ್ನು ಬೇರೆಯವರ ಹೆಸರನ್ನೂ ಅಷ್ಟೇ ಸುಲಭವಾಗಿ ಬರೆಯುತ್ತಿತ್ತು. ನಮ್ಮ ಪಕ್ಕದ ಹೊಲದವರು ಹಾಗೇ ಒಂದು ಎಕರೆ ಕಳೆದುಕೊಂಡು ಕೋರ್ಟು ಅಲೆದದ್ದನ್ನು ನೋಡಿದ್ದೇನೆ. ಬೆರಳಚ್ಚಿನ ಬೀಗ ಬೇಕೇ ಬೇಕು. ಆದರೆ ತಪ್ಪು ನಮ್ಮ ಕೈಯಿಂದ ಆದದ್ದಲ್ಲ. ಟೈಪ್ ಮಾಡುವಾಗ ಆದ ತಪ್ಪನ್ನು ಸರಿಪಡಿಸಲು ರೈತನೇ ಅರ್ಜಿ ಹಿಡಿದು ಅಲೆಯಬೇಕಾ? ಕೈಬರಹದ ಪುಸ್ತಕ ಪಕ್ಕದ ಕೋಣೆಯಲ್ಲೇ ಇರುತ್ತದೆ. ಅದರ ಜೊತೆ ತಾಳೆ ನೋಡಿ, ತಾವಾಗಿಯೇ ತಿದ್ದಿಕೊಡುವ ಕೆಲಸ ಮೊದಲ ವರ್ಷವೇ ಆಗಬೇಕಿತ್ತು. ನನ್ನ ಮುಖ್ಯ ದೂರು ಇದೊಂದೇ, ಇವತ್ತಿಗೂ.

ಇಂಥದೇ ಇನ್ನೊಂದು ತೊಂದರೆ ರಾಜ್ಯದ ತುಂಬಾ ಇದೆ. ಕಾಲಂ 3ರಲ್ಲಿ ಆ ನಂಬರಿನ ಒಟ್ಟು ವಿಸ್ತೀರ್ಣ ಇರುತ್ತದೆ. ಕಾಲಂ 9ರಲ್ಲಿ ಯಾರ ಹೆಸರಿಗೆ ಎಷ್ಟು ಅಂತ ಇರುತ್ತದೆ. ಎರಡೂ ತಾಳೆಯಾಗಬೇಕು. ಎಷ್ಟೋ ಕಡೆ ಆಗುವುದಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡದ್ದು, ಮಾರಿದ್ದನ್ನು ಕಳೆಯದೇ ಬಿಟ್ಟದ್ದು, ಗುಂಟೆ ಆಣೆಗಳ ಲೆಕ್ಕ ತಪ್ಪಿದ್ದು, ಎಲ್ಲವೂ ಪುಸ್ತಕದಲ್ಲಿ ಇದ್ದ ಹಾಗೇ ಕಂಪ್ಯೂಟರಿಗೆ ಬಂದವು. ಪುಸ್ತಕದಲ್ಲಿ ಇವು ಮುಚ್ಚಿಹೋಗುತ್ತಿದ್ದವು. ಕಂಪ್ಯೂಟರಿಗೆ ಬಂದ ಮೇಲೆ ಎದ್ದು ಕಾಣತೊಡಗಿದವು.

ಮ್ಯುಟೇಷನ್, ಅಂದರೆ ದಾಖಲೆಯಲ್ಲಿ ಮಾಲೀಕರ ಹೆಸರು ಬದಲಾಯಿಸುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ಭೂಮಿ ನಿಜವಾಗಿ ಗೆದ್ದಿದೆ. ಅಪ್ಪ 2016ರಲ್ಲಿ ತೀರಿಕೊಂಡರು. ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಹಿಡಿದು ಹೋಬಳಿಯ ನಾಡಕಚೇರಿಗೆ ಹೋದೆ. ಅರ್ಜಿ ತಗೊಂಡ ತಕ್ಷಣ, ಸರ್ಕಾರಿ ಸೇವೆಗೆ ಗಡುವು ಹಾಕುವ 'ಸಕಾಲ'ದ ಚೀಟಿ ಕೊಟ್ಟರು. ಅದರಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. ಕೆಲಸ ಯಾವ ದಿನದೊಳಗೆ ಆಗಬೇಕು ಅಂತಲೂ ಇರುತ್ತದೆ. ಸಕಾಲ ಕಾಯ್ದೆ 2011ರದು, ರಾಜ್ಯದ ತುಂಬಾ ಜಾರಿಯಾದದ್ದು 2012ರ ಏಪ್ರಿಲ್‌ನಲ್ಲಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಕೊಡಬೇಕು ಅಂತ ಅದರಲ್ಲಿದೆ. ದುಡ್ಡು ಸಣ್ಣದು. ಆದರೆ ಆ ಚೀಟಿ ಕೈಯಲ್ಲಿದ್ದರೆ ಮಾತಾಡುವ ಧೈರ್ಯ ಬರುತ್ತದೆ. "ಸಾರ್, ಯಾವಾಗ ಆಗುತ್ತೆ?" ಅಂತ ಬೇಡುವುದಕ್ಕೂ, "ಸಾರ್, ಇವತ್ತು ಕೊನೇ ದಿನ" ಅಂತ ತೋರಿಸುವುದಕ್ಕೂ ತುಂಬಾ ವ್ಯತ್ಯಾಸ.

ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗುತ್ತವೆ. ಸರದಿ ತಪ್ಪಿಸಿ ನಮ್ಮದನ್ನು ಮೊದಲು ಮಾಡಿ ಅಂದರೆ ಅದಕ್ಕೆ ಕಾರಣ ದಾಖಲಿಸಬೇಕು. ನೋಟಿಸ್ ಕಂಪ್ಯೂಟರಿನಲ್ಲೇ ಬರುತ್ತದೆ, ಚಾವಡಿಯಲ್ಲಿ ಅಂಟಿಸುತ್ತಾರೆ. ಆಗ ಮೂವತ್ತು ದಿನ ತಕರಾರಿಗೆ ಅವಕಾಶ ಇತ್ತು. ಯಾರೂ ತಕರಾರು ಮಾಡದಿದ್ದರೆ ಕಂದಾಯ ನಿರೀಕ್ಷಕರ ಆದೇಶ, ಆಮೇಲೆ ಹೊಸ ಪಹಣಿ. ನಮ್ಮದು ಹೇಳಿದ ದಿನಕ್ಕೆ ಆಯಿತು. ಅವ್ವ, ನಾನು, ತಮ್ಮ, ಮೂರೂ ಹೆಸರು ಜಂಟಿಯಾಗಿ ಬಂದವು. ಅವ್ವನಿಗೆ ಓದಲು ಬರುವುದಿಲ್ಲ. ಪ್ರಿಂಟ್ ತಂದು ಕೊಟ್ಟಾಗ "ಇದರಲ್ಲಿ ನಾನೆಲ್ಲಿ?" ಅಂದರು. ಬೆರಳಿಟ್ಟು ತೋರಿಸಿದೆ. ಆ ಜಾಗವನ್ನು ಸ್ವಲ್ಪ ಹೊತ್ತು ಸವರಿದರು. ಜಮೀನಿನ ಕಾಗದದ ಮೇಲೆ ಅವರ ಹೆಸರು ಬಂದದ್ದು ಅದೇ ಮೊದಲು.

ಈಗಿನ ಬಳಕೆ ಬಹುತೇಕ ಮೊಬೈಲಿನಲ್ಲಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟರೆ ಪಹಣಿ ಕಾಣುತ್ತದೆ. ನೋಡಲು ದುಡ್ಡಿಲ್ಲ. ಮ್ಯುಟೇಷನ್ ಎಲ್ಲಿಗೆ ಬಂತು ಅಂತಲೂ ನೋಡಬಹುದು. ನಾನು ತಿಂಗಳಿಗೊಂದು ಸಲ ನಮ್ಮ ನಂಬರ್ ತೆರೆದು ನೋಡುತ್ತೇನೆ. ನೀವೂ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಮುಖ್ಯವಾಗಿ ಕಾಲಂ 11. ತೀರಿಸಿದ ಸಾಲದ ಋಣ ಅಲ್ಲಿ ಹಾಗೇ ಉಳಿದಿರುತ್ತದೆ. ಸಾಲ ಕಟ್ಟಿದ ದಿನ ರಸೀದಿ ಸಿಕ್ಕಿತು ಅಂತ ಮನೆಗೆ ಬರಬೇಡಿ. ಋಣಮುಕ್ತ ಪತ್ರ ತಗೊಂಡು, ಕಾಲಂ 11ರಿಂದ ಅದು ಹೋಗುವವರೆಗೂ ಬೆನ್ನು ಹತ್ತಿ.

ಎಲ್ಲರಿಗೂ ಕಾಣುವುದು ಒಳ್ಳೆಯದೇ, ಆದರೆ ಒಂದು ಅಳುಕೂ ಇದೆ. ಯಾರ ಹೆಸರಲ್ಲಿ ಎಷ್ಟು ಜಮೀನಿದೆ, ಯಾವ ಬ್ಯಾಂಕಿನ ಸಾಲ ಇದೆ ಅಂತ ಊರಿಗೆಲ್ಲ ಕಾಣುತ್ತದೆ. ಸಾಲದಲ್ಲಿ ಸಿಕ್ಕಿಕೊಂಡವರ ಹೊಲವನ್ನೇ ಹುಡುಕಿ ಅಗ್ಗಕ್ಕೆ ಕೇಳುವವರಿದ್ದಾರೆ. ಮಾಲೀಕರ ಹೆಸರು ಕಾಣಲಿ, ಸಾಲದ ವಿವರ ಮಾಲೀಕರಿಗೆ ಮಾತ್ರ ಕಾಣಲಿ ಅನ್ನುವುದು ನನ್ನ ಆಸೆ.

ದಿಶಾಂಕ್ ಆಪ್ ಬಗ್ಗೆಯೂ ಒಂದು ಮಾತು. ಹೊಲದಲ್ಲಿ ನಿಂತು ತೆರೆದರೆ ನಾವು ಯಾವ ಸರ್ವೆ ನಂಬರಿನಲ್ಲಿದ್ದೇವೆ ಅಂತ ತೋರಿಸುತ್ತದೆ. ಜಮೀನು ಕೊಳ್ಳುವ ಮೊದಲು ನೋಡಲು ತುಂಬಾ ಒಳ್ಳೆಯದು. ಕೆರೆ, ಹಳ್ಳ, ಗೋಮಾಳ ಮಧ್ಯೆ ಬಂದಿದೆಯಾ ಅಂತ ಒಂದು ಅಂದಾಜು ಸಿಗುತ್ತದೆ. ಆದರೆ ಬದುವಿನ ಜಗಳ ಬಿಡಿಸಲು ಇದನ್ನು ನಂಬಬೇಡಿ. ನಾಲ್ಕು ಹೆಜ್ಜೆ ಆಚೀಚೆ ತೋರಿಸುತ್ತದೆ. ಬದುವಿಗೆ ಸರ್ವೆಯರ್ ಅಳತೆಯೇ ಬೇಕು.

ಓದು ಬರದವರ ಪಾಡು ಬೇರೆ. ಎಲ್ಲ ಆನ್‌ಲೈನ್ ಆಯಿತು ಅಂದರೆ ಅವರ ಪಾಲಿಗೆ ಮಧ್ಯೆ ಒಬ್ಬರು ಬಂದರು ಅಂತಲೇ ಅರ್ಥ. ನಮ್ಮ ಕಡೆಯ ಒಂದು ಸೈಬರ್ ಸೆಂಟರಿನಲ್ಲಿ ಪುಕ್ಕಟೆ ನೋಡುವ ಪಹಣಿಗೆ ಐವತ್ತು ರೂಪಾಯಿ ತಗೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಮುದುಕರಿಗೆ ಬೇಕಿದ್ದದ್ದು ಸಹಿ ಇರುವ ಪಹಣಿ. ಕೊಟ್ಟದ್ದು ಸುಮ್ನೆ ನೋಡಲು ಇರುವ ಪ್ರತಿ. ಬ್ಯಾಂಕಿನಲ್ಲಿ ಅದು ನಡೆಯಲಿಲ್ಲ. ಮಾರನೇ ದಿನ ಅವರನ್ನು ನಾನೇ ನಾಡಕಚೇರಿಗೆ ಕರೆದುಕೊಂಡು ಹೋದೆ. ಯಾವುದು ಬರೀ ನೋಡುವುದಕ್ಕೆ, ಯಾವುದು ಕಚೇರಿಯಲ್ಲಿ ನಡೆಯುತ್ತದೆ ಅಂತ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಓದು ಬರದವರಿಗೂ ತಿಳಿಯುವ ಹಾಗೆ ಒಂದು ಗುರುತು ಹಾಕಿದರೆ ಎಷ್ಟು ಜನ ಬಚಾವಾಗುತ್ತಾರೆ!

ಅಂಕ ಕೊಡಬೇಕಾದರೆ ಪಹಣಿ ಪಡೆಯುವುದಕ್ಕೆ ಐದಕ್ಕೆ ಐದು. ಮ್ಯುಟೇಷನ್‌ಗೆ ನಾಲ್ಕು. ತಿದ್ದುಪಡಿಗೆ ಎರಡು, ಅದೂ ಕಷ್ಟಪಟ್ಟು. ಹೊಸದಾಗಿ ಬಳಸುವವರು ಒಂದು ಕೆಲಸ ಮಾತ್ರ ಈ ವಾರವೇ ಮಾಡಿ. ತಂದೆ ತಾಯಿ ಇರುವಾಗಲೇ ಪಹಣಿ ತೆಗೆದು, ಹೆಸರಿನ ಒಂದೊಂದು ಅಕ್ಷರವನ್ನೂ ಅವರ ಆಧಾರ್ ಜೊತೆ ಇಟ್ಟು ನೋಡಿ. ವ್ಯತ್ಯಾಸ ಇದ್ದರೆ ಹಳೇ ಕೈಬರಹದ ಪಹಣಿಯ ನಕಲಿಗೆ ಈಗಲೇ ಅರ್ಜಿ ಹಾಕಿ. ಅವರು ಬದುಕಿದ್ದಾಗ ಒಂದು ಸಹಿಯಲ್ಲಿ ಮುಗಿಯುವ ಕೆಲಸ, ಆಮೇಲೆ ಮಕ್ಕಳೆಲ್ಲ ಒಟ್ಟಾಗಿ ಓಡಾಡಿದರೂ ಮುಗಿಯುವುದಿಲ್ಲ.

ನಮ್ಮ ಜಂಟಿ ಖಾತೆ ಈಗ ಬೇರೆಯಾಗಬೇಕು. ತಮ್ಮನಿಗೆ ಅವನ ಭಾಗದಲ್ಲಿ ಬೋರ್‌ವೆಲ್ ಹಾಕಿಸಬೇಕಂತೆ. ವಿಭಾಗ ಪತ್ರ ನೋಂದಾಯಿಸಲು 11ಇ ನಕ್ಷೆ (ಭಾಗವಾಗುವ ಜಮೀನಿನ ಅಳತೆಯ ನಕ್ಷೆ) ಬೇಕು, ಅದಕ್ಕೆ ಸರ್ವೆಯರ್ ಬಂದು ಅಳೆಯಬೇಕು. ಅರ್ಜಿ ಸರ್ವೆ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆಯಾದ ಮೋಜಿಣಿಯಲ್ಲಿ ದಾಖಲಾಗಿದೆ. ಬದುವಿನ ಕಲ್ಲು ಕಾಣಲಿ ಅಂತ ಕಳೆದ ಭಾನುವಾರ ಇಬ್ಬರೂ ಸೇರಿ ಜಾಲಿ ಕಡಿದು ಸ್ವಚ್ಛ ಮಾಡಿದೆವು. ಮೂರು ಕಲ್ಲು ಸಿಕ್ಕಿವೆ. ನಾಲ್ಕನೆಯದು ಇನ್ನೂ ಸಿಕ್ಕಿಲ್ಲ.